ಚೀಟಿಯಲ್ಲಿ ದುಡ್ಡಿಲ್ಲ: ಕ್ಯಾಸಿನೊ ಯಂತ್ರ ಹಣ ಕೊಡುವ ಬಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಬಿಲ್ಲಿಂಗ್ ಮೆಷಿನ್, ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತೇನೆ. ಕಿರಾಣಿ ಅಂಗಡಿ, ಮೆಡಿಕಲ್, ದೋಸೆ ಹೋಟೆಲ್, ಕಾಳಿನ ವ್ಯಾಪಾರ, ಎಲ್ಲರ ಪ್ರಿಂಟರ್‌ಗಳೂ ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತವೆ. ಹೋದ ಬೇಸಿಗೆಯಲ್ಲಿ ಪಕ್ಕದ ಅಂಗಡಿಯ ಅಣ್ಣ ಒಂದು ಉದ್ದನೆಯ ಚೀಟಿ ತಂದು ನನ್ನ ಮುಂದಿಟ್ಟರು.

"ತಮ್ಮಾ, ಇದು ನಿನ್ನ ಮೆಷಿನ್ ಚೀಟಿ ಥರಾನೇ ಇದೆಯಲ್ಲ. ಇದಕ್ಕಿನ್ನೂ ದುಡ್ಡು ಬರ್ತದಾ ನೋಡು."

ಅವರು ಮನೆಯವರ ಜೊತೆ ಸಿಂಗಪುರ ಟೂರಿಗೆ ಹೋಗಿದ್ದರು. ಕೊನೆಯ ರಾತ್ರಿ ಗುಂಪಿನವರೆಲ್ಲ ಒಂದು ಕ್ಯಾಸಿನೊ ಹೇಗಿರುತ್ತದೆ ನೋಡೋಣ ಎಂದು ಒಳಗೆ ಹೋದರು. ಅಣ್ಣ ಒಂದು ಸ್ಲಾಟ್ ಮೆಷಿನ್, ಅಂದರೆ ದುಡ್ಡು ಹಾಕಿ ಗಾಲಿ ತಿರುಗಿಸುವ ಜೂಜಿನ ಯಂತ್ರದ ಮುಂದೆ ಕೂತು ಹತ್ತು ಡಾಲರ್ ನೋಟು ಹಾಕಿದರು. ಸ್ವಲ್ಪ ಹೊತ್ತು ಆಡಿದರು. ಸಾಕು ಎನಿಸಿ ಗುಂಡಿ ಒತ್ತಿದಾಗ ನಾಣ್ಯ ಬೀಳಲಿಲ್ಲ, ನೋಟೂ ಬರಲಿಲ್ಲ. ಒಂದು ಕಾಗದ ಬಂತು. ಅಷ್ಟರಲ್ಲಿ ಬಸ್ಸಿಗೆ ಕರೆದರು, ಅಂಗಿ ಜೇಬಿಗೆ ಹಾಕಿಕೊಂಡು ಬಂದುಬಿಟ್ಟರು. ಎರಡು ತಿಂಗಳ ಮೇಲೆ ಬೀರುವಿನಿಂದ ಅಂಗಿ ತೆಗೆದಾಗ ಚೀಟಿ ಸಿಕ್ಕಿದೆ. ಮೊತ್ತ 7 ಡಾಲರ್ 35 ಸೆಂಟ್. ಅಂಕೆಯಲ್ಲೂ ಇದೆ, ಅಕ್ಷರದಲ್ಲೂ ಇದೆ. ದಿನ, ಹೊತ್ತು, ಯಂತ್ರದ ನಂಬರ್, ಒಂದು ಬಾರ್‌ಕೋಡ್, ಅದರ ಪಕ್ಕ ಉದ್ದನೆಯ ಸಂಖ್ಯೆ. ಅಲ್ಲಲ್ಲಿ ಮಾಸಿತ್ತು.

ನಾನು ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅವರೇ ಇನ್ನೊಂದು ಮಾತು ಕೇಳಿದರು. "ನೋಟು ಹಾಕಿದ್ದು ಅಲ್ಲಿ. ಚೀಟಿ ಇಲ್ಲಿದೆ. ಹಂಗಾದ್ರೆ ದುಡ್ಡು ಎಲ್ಲಿದೆ?"

ಇದು ತುಂಬಾ ಸರಿಯಾದ ಪ್ರಶ್ನೆ. ಈ ತಂತ್ರಜ್ಞಾನದ ಕಥೆಯೆಲ್ಲ ಅದರೊಳಗೇ ಇದೆ. ಆವತ್ತು ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅರ್ಧಂಬರ್ಧ ಹೇಳಿದೆ. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕಂಡಕ್ಟರ್ ಬರೆದುಕೊಟ್ಟ ಚಿಲ್ಲರೆ

ಚಿತ್ರದುರ್ಗದ ಬಸ್ ಹತ್ತುತ್ತೀರಿ. ದೊಡ್ಡ ನೋಟು ಕೊಡುತ್ತೀರಿ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಟಿಕೆಟ್ ತಿರುಗಿಸಿ, ಹಿಂಬದಿಯಲ್ಲಿ ಬಾಕಿ ಎಷ್ಟು ಎಂದು ಪೆನ್ನಿನಲ್ಲಿ ಬರೆದು, ಸುತ್ತ ಒಂದು ಸೊನ್ನೆ ಎಳೆದು ಕೊಡುತ್ತಾರೆ. ಇಳಿಯುವಾಗ ತೋರಿಸಿ ಇಸ್ಕೊಳ್ಳಬೇಕು. ನಮಗೆಲ್ಲ ಗೊತ್ತಿರುವ ವ್ಯವಹಾರ ಇದು, ಅಲ್ವಾ?

ಆ ಟಿಕೆಟ್ ದುಡ್ಡಲ್ಲ. ಕಂಡಕ್ಟರ್ ನಿಮಗೆ ಇಷ್ಟು ಕೊಡಬೇಕು ಎಂಬುದಕ್ಕೆ ಗುರುತು ಮಾತ್ರ. ಆ ಗುರುತಿಗೆ ಮೂರು ತೊಂದರೆ ಇವೆ. ಒಂದು, ಆ ಬಸ್ಸಿನಿಂದ ಇಳಿದು ಬೇರೆ ಬಸ್ ಹತ್ತಿದರೆ ಅಲ್ಲಿನ ಕಂಡಕ್ಟರ್ ಕೊಡುವುದಿಲ್ಲ. ಎರಡು, ಯಾರಾದರೂ ಎಂಟರ ಮುಂದೆ ಸೊನ್ನೆ ಸೇರಿಸಿ ಎಂಬತ್ತು ಮಾಡಿದರೆ ಕಂಡಕ್ಟರ್ ನೆನಪೇ ಸಾಕ್ಷಿ. ಮೂರು, ಒಮ್ಮೆ ಕೊಟ್ಟ ಮೇಲೆ ಅದೇ ಟಿಕೆಟ್ ಮತ್ತೆ ತೋರಿಸಿದರೆ? ಅದಕ್ಕೇ ಅವರು ಕೊಟ್ಟ ಕೂಡಲೇ ಬರೆದದ್ದರ ಮೇಲೆ ಗೀಟು ಹಾಕುತ್ತಾರೆ.

ಕ್ಯಾಸಿನೊದ ಚೀಟಿ ಈ ಮೂರಕ್ಕೂ ಒಂದೇ ಪರಿಹಾರ ಹುಡುಕಿಕೊಂಡಿದೆ. ಬಾಕಿಯ ಲೆಕ್ಕವನ್ನು ಕಾಗದದ ಮೇಲೆ ಇಡುವುದೇ ಇಲ್ಲ. ಎಲ್ಲ ಯಂತ್ರಗಳಿಗೂ ಕೇಬಲ್ ಎಳೆದಿರುವ ಒಂದು ನಡುವಿನ ಕಂಪ್ಯೂಟರ್ ಇದೆ, ಲೆಕ್ಕ ಅದರಲ್ಲಿರುತ್ತದೆ. ಚೀಟಿ ಆ ಲೆಕ್ಕದ ಹೆಸರು ಹೇಳುತ್ತದೆ, ಅಷ್ಟೇ. ಮೊತ್ತವನ್ನು ಅಚ್ಚು ಹಾಕುವುದು ಮನುಷ್ಯರು ಓದಲಿ ಎಂದು. ನೀವು 7 ಡಾಲರನ್ನು 700 ಎಂದು ತಿದ್ದಿದರೂ ಯಂತ್ರ ಅದನ್ನು ಓದುವುದಿಲ್ಲ. ಅದಕ್ಕೆ ಬಾರ್‌ಕೋಡ್ ಮಾತ್ರ ಬೇಕು. ಬಾರ್‌ಕೋಡಿನಲ್ಲಿ ಮೊತ್ತವೇ ಇಲ್ಲ.

ಈ ಪದ್ಧತಿಗೆ 'ಟಿಕೆಟ್ ಇನ್, ಟಿಕೆಟ್ ಔಟ್' ಎಂಬ ಹೆಸರಿದೆ. ಆ ಕೆಲಸದವರು ಚಿಕ್ಕದಾಗಿ 'ಟಿಟೊ' ಎನ್ನುತ್ತಾರೆ. ಚೀಟಿ ಒಂದು ಯಂತ್ರದಿಂದ ಹೊರಗೆ ಬರುತ್ತದೆ, ಇನ್ನೊಂದು ಯಂತ್ರದೊಳಗೆ ಹೋಗುತ್ತದೆ. ಇಲ್ಲದಿದ್ದರೆ ಗಲ್ಲಾಪೆಟ್ಟಿಗೆಯ ಹತ್ತಿರ, ಅಥವಾ ಎಟಿಎಂ ಥರದ ಒಂದು ಪೆಟ್ಟಿಗೆಯಲ್ಲಿ ನಗದಾಗುತ್ತದೆ.

ಗುಂಡಿ ಒತ್ತಿದ ಮೇಲೆ ಎರಡು ಮೂರು ಕ್ಷಣ

ನನ್ನ ಕಸುಬಿಗೆ ಹತ್ತಿರದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಣ್ಣ ನೋಟು ಹಾಕಿದಾಗ ಯಂತ್ರ ಅದನ್ನು ಬೆಳಕು ಹಾಯಿಸಿ ಪರೀಕ್ಷೆ ಮಾಡುತ್ತದೆ. ಅಸಲಿ ಎಂದು ಗೊತ್ತಾದರೆ ಬೀಗ ಹಾಕಿದ ಡಬ್ಬಿಗೆ ತಳ್ಳುತ್ತದೆ. ನೋಟಿನ ಪ್ರಯಾಣ ಅಲ್ಲಿಗೆ ಮುಗಿಯಿತು. ಆಮೇಲೆ ಗೆದ್ದರೂ ಸೋತರೂ ಬದಲಾಗುವುದು ಯಂತ್ರದ ಮೆಮೊರಿಯಲ್ಲಿರುವ ಒಂದು ಅಂಕಿ ಮಾತ್ರ.

'ಕ್ಯಾಶ್ ಔಟ್' ಗುಂಡಿ ಒತ್ತಿದಾಗ ಯಂತ್ರ ಆ ಅಂಕಿಯನ್ನು ನಡುವಿನ ಕಂಪ್ಯೂಟರಿಗೆ ಹೇಳಬೇಕು. ಇವೆರಡರ ನಡುವೆ ಒಂದು ಗೊತ್ತಾದ ಭಾಷೆ ಇದೆ. ಹೆಚ್ಚಾಗಿ ಬಳಕೆಯಲ್ಲಿರುವುದು 'ಎಸ್‌ಎಎಸ್', ಅಂದರೆ ಸ್ಲಾಟ್ ಅಕೌಂಟಿಂಗ್ ಸಿಸ್ಟಮ್. ಅಮೆರಿಕದ ಐಜಿಟಿ ಕಂಪನಿ ಮಾಡಿದ್ದು. ಇದರ ರೀತಿ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದ ಹಾಗೆ. ಕೇಂದ್ರದ, ಅಂದರೆ ಆ ನಡುವಿನ ಕಂಪ್ಯೂಟರಿನ ಕಡೆಯಿಂದ ಪ್ರತಿ ಯಂತ್ರಕ್ಕೂ ಮತ್ತೆ ಮತ್ತೆ ಪ್ರಶ್ನೆ ಬರುತ್ತಲೇ ಇರುತ್ತದೆ. ಏನಾದರೂ ಆಯಿತಾ? ಬಾಗಿಲು ತೆರೆಯಿತಾ? ಕಾಗದ ಮುಗಿಯಿತಾ? ತನ್ನ ಸರದಿ ಬಂದಾಗ ಯಂತ್ರ ಹೇಳುತ್ತದೆ: ಇಲ್ಲಿ 735 ಸೆಂಟಿನ ಚೀಟಿ ಕೊಡಬೇಕಾಗಿದೆ.

ಈಗ ಚೀಟಿಗೆ ಒಂದು ನಂಬರ್ ಬೇಕು. ನಮ್ಮ ಮಂಡಿಯ ಬಿಲ್ ಪುಸ್ತಕದಲ್ಲಿ ಆದರೆ 101 ಆದ ಮೇಲೆ 102. ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ನನ್ನ ಚೀಟಿ 101 ಆದರೆ ಪಕ್ಕದವರದ್ದು 102 ಎಂದು ಯಾರು ಬೇಕಾದರೂ ಊಹಿಸಿ, ಮನೆಯಲ್ಲೇ ಅಚ್ಚು ಹಾಕಿಕೊಂಡು ಬರಬಹುದು. ಅದಕ್ಕೇ ಊಹೆಗೆ ಸಿಗದ ನಂಬರ್ ಬೇಕು. ಎರಡು ದಾರಿ ಇವೆ. ಒಂದರಲ್ಲಿ ಕೇಂದ್ರವೇ ಆ ಕ್ಷಣದಲ್ಲಿ ನಂಬರ್ ಕೊಡುತ್ತದೆ. ಇನ್ನೊಂದರಲ್ಲಿ ಕೇಂದ್ರ ಮೊದಲೇ ಪ್ರತಿ ಯಂತ್ರಕ್ಕೆ ಒಂದು ಗುರುತು, ಒಂದು ಸರಣಿ ಕೊಟ್ಟಿರುತ್ತದೆ. ಯಂತ್ರ ಅವೆರಡನ್ನೂ ಕಲಸಿ, ಹೊರಗಿನವರಿಗೆ ಅರ್ಥವಾಗದ ಹಾಗೆ ನಂಬರ್ ಮಾಡಿಕೊಳ್ಳುತ್ತದೆ. ಕೊನೆಗೆ ಕಾಗದದ ಮೇಲೆ ಬರುವುದು 18 ಅಂಕೆಗಳು.

ಬಾರ್‌ಕೋಡಿನ ರೀತಿ ನನಗೆ ಬಹಳ ಇಷ್ಟ. ಅದಕ್ಕೆ 'ಇಂಟರ್‌ಲೀವ್ಡ್ ಟೂ ಆಫ್ ಫೈವ್' ಎನ್ನುತ್ತಾರೆ. ಒಂದು ಅಂಕೆಗೆ ಐದು ಗೆರೆ. ಐದರಲ್ಲಿ ಎರಡು ದಪ್ಪ, ಮೂರು ತೆಳು. ಯಾವ ಎರಡು ದಪ್ಪ ಎಂಬುದರ ಮೇಲೆ ಅಂಕೆ ಗೊತ್ತಾಗುತ್ತದೆ. ಮೊದಲ ಅಂಕೆಯನ್ನು ಕಪ್ಪು ಗೆರೆಗಳಲ್ಲಿ ಬರೆಯುತ್ತಾರೆ. ಎರಡನೆಯದನ್ನು ಆ ಗೆರೆಗಳ ನಡುವಿನ ಬಿಳಿ ಜಾಗದಲ್ಲಿ ಬರೆಯುತ್ತಾರೆ! ಬಿಳಿ ಪಟ್ಟಿಯೂ ಎರಡು ದಪ್ಪ, ಮೂರು ತೆಳು. ಹತ್ತಿ ಮಿಲ್ಲುಗಳಿಂದ ಹೆಸರಾದ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಹೊಕ್ಕಿನ ಹಾಗೆ ಎರಡು ಅಂಕೆ ಒಂದೇ ಜಾಗದಲ್ಲಿ ಕೂತುಬಿಡುತ್ತವೆ. ಅಂಕೆಗಳು ಜೋಡಿಯಾಗಿಯೇ ಬರಬೇಕು. 18 ಅಂದರೆ ಒಂಬತ್ತು ಜೋಡಿ.

ಚೀಟಿ ಅಚ್ಚಾದ ಮೇಲೆ ಯಂತ್ರ ಕೇಂದ್ರಕ್ಕೆ ಮತ್ತೆ ಹೇಳುತ್ತದೆ: ಅಚ್ಚಾಯಿತು. ಆಗಲೇ ಕೇಂದ್ರ ಇದನ್ನು 'ಬಾಕಿ' ಎಂದು ಬರೆದುಕೊಳ್ಳುವುದು. ಈ ಕ್ರಮ ಮುಖ್ಯ. ಅಚ್ಚಾಗುವ ಮೊದಲೇ ಯಂತ್ರ ತನ್ನ ಅಂಕಿಯನ್ನು ಅಳಿಸಿದರೆ, ಕಾಗದ ಸಿಕ್ಕಿಕೊಂಡಾಗ ಆಟಗಾರನ ದುಡ್ಡು ಹೋಯಿತು. ಅಚ್ಚಾದ ಮೇಲೂ ಅಳಿಸದಿದ್ದರೆ ಎರಡು ಸಲ ಕೊಟ್ಟ ಹಾಗಾಯಿತು. ಕಾಗದವೇ ಮುಗಿದಿದ್ದರೆ ಯಂತ್ರ ಬೀಗ ಹಾಕಿಕೊಂಡ ಹಾಗೆ ನಿಲ್ಲುತ್ತದೆ. ಮೇಲಿನ ದೀಪ ಮಿನುಗುತ್ತದೆ. ಸಿಬ್ಬಂದಿ ಬಂದು ಕೈಯಲ್ಲಿ ಕೊಡುತ್ತಾರೆ.

ಇನ್ನು ಚೀಟಿಯನ್ನು ಬೇರೆ ಯಂತ್ರಕ್ಕೆ ಹಾಕಿದಾಗ. ನೋಟು ನುಂಗುವ ಬಾಯಿಯೇ ಚೀಟಿಯನ್ನೂ ತೆಗೆದುಕೊಳ್ಳುತ್ತದೆ. ಆದರೆ ಕೂಡಲೇ ನುಂಗುವುದಿಲ್ಲ. ಗಂಟಲಲ್ಲಿ ಹಿಡಿದುಕೊಂಡು ಕೇಂದ್ರವನ್ನು ಕೇಳುತ್ತದೆ: ಈ ನಂಬರಿನ ಚೀಟಿ ಬಂದಿದೆ, ಏನು ಮಾಡಲಿ? ಕೇಂದ್ರ ತನ್ನ ಪಟ್ಟಿ ನೋಡುತ್ತದೆ. ಇದ್ದರೆ 'ಕೇಳಿಕೆ ಬಂದಿದೆ' ಎಂದು ಗುರುತು ಹಾಕಿ ಮೊತ್ತ ಹೇಳುತ್ತದೆ. ಯಂತ್ರ ಕಾಗದವನ್ನು ಡಬ್ಬಿಗೆ ತಳ್ಳಿ, ಅಂಕಿ ಏರಿಸಿ, 'ಆಯಿತು' ಎನ್ನುತ್ತದೆ. ಅದು ಕೇಳಿದ ಮೇಲೆ ಕೇಂದ್ರ ಆ ನಂಬರಿನ ಮೇಲೆ ಗೀಟು ಹಾಕುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಕಾಗದ ವಾಪಸ್ ಬರುತ್ತದೆ.

ಇದರ ನಡುವೆ ಕರೆಂಟ್ ಹೋದರೆ? ನಮ್ಮಲ್ಲಿ ಬಿಲ್ ಹೊಡೆಯುವಾಗ ಕರೆಂಟ್ ಹೋಗಿ ಅಂಗಡಿಯವರು, ಗಿರಾಕಿ ಇಬ್ಬರೂ ಮುಖ ಮುಖ ನೋಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸ್ಲಾಟ್ ಮೆಷಿನ್ನಿನ ಮೆಮೊರಿಗೆ ಬ್ಯಾಟರಿಯ ಆಸರೆ ಇರುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲಿ ನಿಂತಿತ್ತೋ ಅಲ್ಲಿಂದ ಮಾತು ಮುಂದುವರಿಯುತ್ತದೆ. ಯುಪಿಐನಲ್ಲಿ ದುಡ್ಡು ಕಳಿಸಿದಾಗ ಒಮ್ಮೊಮ್ಮೆ 'ಪೆಂಡಿಂಗ್' ಎಂದು ತೋರಿಸುತ್ತದಲ್ಲ, ಅದೂ ಇದೇ ಜಾತಿಯ ಸ್ಥಿತಿ. ಎರಡು ಕಡೆಯ ಲೆಕ್ಕವೂ ಒಂದೇ ಮಾತು ಹೇಳುವ ತನಕ ವ್ಯವಹಾರ ಮುಗಿದಂತಲ್ಲ. ಮಂಡಕ್ಕಿ ಅಂಗಡಿಯ ಕ್ಯೂಆರ್ ಕೋಡಿನೊಳಗೂ ದುಡ್ಡಿಲ್ಲ. ಅದು ಅಂಗಡಿಯವರ ಖಾತೆಯ ವಿಳಾಸ.

ಚೀಟಿಯ ಜೆರಾಕ್ಸ್ ಮಾಡಿಸಿದರೆ ಏನಾಗುತ್ತದೆ ಎಂದು ಅಣ್ಣನ ಮಗ ಕೇಳಿದ. ನಂಬರ್ ಅದೇ ಅಲ್ವಾ? ಹೌದು, ಅದೇ. ಯಾವುದು ಮೊದಲು ಹೋಗುತ್ತದೋ ಅದಕ್ಕೆ ದುಡ್ಡು. ಎರಡನೆಯದಕ್ಕೆ ಗೀಟು ಬಿದ್ದಿರುತ್ತದೆ. ಹಾಗಾಗಿ ಕಾಪಿ ಮಾಡಿ ಎರಡು ಸಲ ತೆಗೆಯಲು ಆಗುವುದಿಲ್ಲ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಈ ಚೀಟಿಯ ಮೇಲೆ ಯಾರ ಹೆಸರೂ ಇಲ್ಲ. ನಿಮ್ಮ ಚೀಟಿಯ ನಂಬರ್ ಬೇರೆಯವರ ಕೈ ಸೇರಿ, ಅವರು ನಿಮಗಿಂತ ಮೊದಲು ಅದನ್ನು ನಗದು ಮಾಡಿಕೊಂಡರೆ ನಿಮ್ಮ ಕೈಯಲ್ಲಿರುವ ಅಸಲಿ ಚೀಟಿಗೇ ಬೆಲೆ ಇರುವುದಿಲ್ಲ. ಚೀಟಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಬಾರದು ಎಂದು ಅವನಿಗೆ ಹೇಳಿದೆ. ಅವನು ಆಗಲೇ ಹಾಕಿದ್ದ. ಕೂಡಲೇ ಅಳಿಸಿದ.

ನಾಣ್ಯದ ಕಾಲ

ಇಷ್ಟು ಕಷ್ಟಪಟ್ಟು ಕಾಗದಕ್ಕೆ ಯಾಕೆ ಬಂದರು? ನಾಣ್ಯದ ಭಾರ ತಾಳಲಾರದೆ.

ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ 1890ರ ದಶಕದಲ್ಲಿ 'ಲಿಬರ್ಟಿ ಬೆಲ್' ಎಂಬ ಯಂತ್ರ ಮಾಡಿದರು. ಮೂರು ಗಾಲಿ, ಪಕ್ಕದಲ್ಲಿ ಎಳೆಯುವ ಹಿಡಿ. ಮೂರೂ ಗಾಲಿಯಲ್ಲಿ ಗಂಟೆಯ (ಬೆಲ್) ಚಿತ್ರ ಒಂದೇ ಸಾಲಿಗೆ ಬಂದರೆ ಐದು ಸೆಂಟಿನ ಹತ್ತು ನಾಣ್ಯ ಬೀಳುತ್ತಿದ್ದವು. ಅದೇ ಅದರ ದೊಡ್ಡ ಬಹುಮಾನ. 1963ರಲ್ಲಿ ಬ್ಯಾಲಿ ಕಂಪನಿ 'ಮನಿ ಹನಿ' ಎಂಬ ವಿದ್ಯುತ್ ಯಂತ್ರ ತಂದಿತು. ಅದರ ಹೊಟ್ಟೆಯಲ್ಲಿ ಹಾಪರ್ ಎಂಬ ನಾಣ್ಯದ ತೊಟ್ಟಿ ಇತ್ತು. ಯಾರ ಸಹಾಯವೂ ಇಲ್ಲದೆ 500 ನಾಣ್ಯದವರೆಗೆ ತಾನೇ ಎಣಿಸಿ ಸುರಿಯುತ್ತಿತ್ತು.

ಅಮೆರಿಕದ ಕಾಲು ಡಾಲರ್ ನಾಣ್ಯ 5.67 ಗ್ರಾಂ. 100 ಡಾಲರ್ ಗೆದ್ದರೆ 400 ನಾಣ್ಯ, ಅಂದರೆ ಎರಡೂಕಾಲು ಕಿಲೊ. ಜನ ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ಓಡಾಡುತ್ತಿದ್ದರು. ನಾಣ್ಯದ ಕಿಲುಬಿಗೆ ಕೈ ಕಪ್ಪಾಗುತ್ತಿತ್ತು. ಹಾಪರ್ ಖಾಲಿಯಾದರೆ ಸಿಬ್ಬಂದಿ ನಾಣ್ಯದ ಚೀಲ ತಂದು ತುಂಬುವ ತನಕ ಕಾಯಬೇಕು. ಸೊಟ್ಟ ನಾಣ್ಯ ಒಂದು ಸಿಕ್ಕಿಕೊಂಡರೆ ಬಾಗಿಲು ತೆಗೆದು ಸರಿಮಾಡಬೇಕು. ದಿನದ ಕೊನೆಗೆ ಅಷ್ಟನ್ನೂ ಹೊತ್ತು, ತೂಗಿ, ಎಣಿಸಬೇಕು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರನ್ನು ನೆನೆಸಿಕೊಳ್ಳಿ. ಲೋಹದ ಚೀಲ ಅದಕ್ಕಿಂತ ಚಿಕ್ಕದು, ಆದರೆ ಬೆನ್ನಿಗೆ ಅಷ್ಟೇ ಕ್ರೂರ.

1990ರ ದಶಕದಲ್ಲಿ ನೋಟು ತೆಗೆದುಕೊಳ್ಳುವ ಬಾಯಿ ಬಂತು. ಹಾಕುವ ಕಷ್ಟ ಹೋಯಿತು, ಕೊಡುವ ಕಷ್ಟ ಉಳಿಯಿತು. 2000ರ ಆಸುಪಾಸಿನಲ್ಲಿ ಐಜಿಟಿಯ 'ಈಝೀ ಪೇ' ಥರದ ಚೀಟಿ ಪದ್ಧತಿ ಲಾಸ್ ವೇಗಸ್‌ನಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ನಾಣ್ಯ ಬೀಳುವ ಯಂತ್ರ ಅಪರೂಪವಾಯಿತು. ನಾಣ್ಯ ಬಿದ್ದ ಸದ್ದು ಮಾತ್ರ ಉಳಿದಿದೆ. ಅದನ್ನು ಈಗ ಸ್ಪೀಕರಿನಲ್ಲಿ ಕೇಳಿಸುತ್ತಾರೆ.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ತೆಗೆದುಹಾಕುತ್ತೇನೆ. ಚೀಟಿ ಹಾಕಿದರೆ ಯಂತ್ರಕ್ಕೆ ಇವನು ಆಗಲೇ ಗೆದ್ದವನು ಎಂದು ಗೊತ್ತಾಗಿ ಸೋಲಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗಿಲ್ಲ. ಗೆಲುವು ಸೋಲು ತೀರ್ಮಾನ ಮಾಡುವ ಲೆಕ್ಕ ಬೇರೆ, ದುಡ್ಡು ಒಳಗೆ ಹೊರಗೆ ಹೋಗುವ ಲೆಕ್ಕ ಬೇರೆ. ಯಂತ್ರ ಬಹಳ ದಿನದಲ್ಲಿ ನೂರಕ್ಕೆ ಎಷ್ಟು ವಾಪಸ್ ಕೊಡಬೇಕು ಎಂಬುದು ಮೊದಲೇ ನಿಗದಿ. ಲಾಸ್ ವೇಗಸ್ ಇರುವ ಅಮೆರಿಕದ ನೆವಾಡಾ ರಾಜ್ಯದಲ್ಲಿ ಅದು ಕನಿಷ್ಠ 75 ಇರಬೇಕೆಂದು ನಿಯಮ. ನೂರಕ್ಕಿಂತ ಕಡಿಮೆ ಎಂಬುದಂತೂ ಎಲ್ಲ ಕಡೆಯೂ ಖಾತ್ರಿ. ಉಳಿದದ್ದು ಮನೆಗೆ, ಅಂದರೆ ಕ್ಯಾಸಿನೊಗೆ.

ತಡೆಯೆಲ್ಲ ಹೋದಾಗ

ಚೀಟಿಯಿಂದ ನಾಣ್ಯದ ಭಾರ ಹೋಯಿತು. ಜೊತೆಗೆ ಇನ್ನೂ ಏನೋ ಹೋಯಿತು. ನನಗೆ ಈ ವಿಷಯದಲ್ಲಿ ಹೆಚ್ಚು ಕಾಡುವುದು ಅದೇ.

ಒಂದು ಸೆಂಟಿನ ಆಟ ನೋಡಿ. ನಾಣ್ಯದ ಕಾಲದಲ್ಲಿ ಇದನ್ನು ನಡೆಸುವುದು ಬಹಳ ಕಷ್ಟ. ಯಾರಾದರೂ 100 ಡಾಲರ್ ಗೆದ್ದರೆ 10,000 ನಾಣ್ಯ ಸುರಿಯಬೇಕು. ಯಾವ ತೊಟ್ಟಿಯೂ ಸಾಲದು. ಕಾಗದ ಬಂದ ಮೇಲೆ ಅಂಕಿ ಎಷ್ಟಾದರೇನು, ಒಂದೇ ಚೀಟಿ. ಹಾಗಾಗಿ 'ಪೆನ್ನಿ' ಯಂತ್ರಗಳು ಸಾಲು ಸಾಲಾಗಿ ಬಂದವು. ಒಂದು ಸೆಂಟ್ ಎಂದರೆ ಅಗ್ಗ ಅನಿಸುತ್ತದೆ. ಆದರೆ ಆ ಯಂತ್ರಗಳಲ್ಲಿ ಒಂದು ಸುತ್ತಿಗೆ ಹಲವು ಗೆರೆಗಳ (ಚಿತ್ರಗಳು ಹೊಂದಿದರೆ ಗೆಲುವು ಕೊಡುವ ಸಾಲುಗಳ) ಮೇಲೆ, ಪ್ರತಿ ಗೆರೆಗೆ ಹಲವು ಸೆಂಟ್ ಕಟ್ಟುತ್ತಾರೆ. 40 ಗೆರೆಗೆ ಐದೈದು ಸೆಂಟ್ ಅಂದರೆ ಒಂದು ಸಲ ಗುಂಡಿ ಒತ್ತಿದರೆ ಎರಡು ಡಾಲರ್. 'ಪೈಸೆ ಆಟ' ಎಂದು ಕೂತವರು ಕಾಲು ಡಾಲರ್ ಯಂತ್ರದವರಿಗಿಂತ ಜಾಸ್ತಿ ಕಟ್ಟುತ್ತಿರಬಹುದು.

ಇನ್ನು ಸಮಯ. ನಾಣ್ಯ ಸಿಕ್ಕಿಕೊಂಡಾಗ, ತೊಟ್ಟಿ ತುಂಬುವಾಗ, ಬಕೆಟ್ ಹಿಡಿದು ಗಲ್ಲಾದ ಕ್ಯೂನಲ್ಲಿ ನಿಂತಾಗ, ಮನುಷ್ಯನಿಗೆ ನಾಲ್ಕು ನಿಮಿಷ ಸಿಗುತ್ತಿತ್ತು. ಇನ್ನು ಸಾಕು, ಮನೆಗೆ ಹೋಗೋಣ ಎನ್ನುವ ಯೋಚನೆ ಬರುವುದು ಆ ನಾಲ್ಕು ನಿಮಿಷದಲ್ಲೇ. ಕೈಯಲ್ಲಿ ಎರಡು ಕಿಲೊ ನಾಣ್ಯ ಇದ್ದರೆ ದುಡ್ಡು ದುಡ್ಡಿನ ಹಾಗೆ ಕಾಣುತ್ತದೆ. ಚೀಟಿಯಲ್ಲಿರುವ 7.35 ಹಾಗೆ ಕಾಣುವುದಿಲ್ಲ. ಪಕ್ಕದ ಯಂತ್ರಕ್ಕೆ ಹಾಕಿ ಮುಗಿಸಿಬಿಡೋಣ ಅನಿಸುತ್ತದೆ.

ಇದು ನನ್ನ ಊಹೆ ಮಾತ್ರವಲ್ಲ. ನಾರ್ವೆ ದೇಶದಲ್ಲಿ ಅಂಗಡಿ, ನಿಲ್ದಾಣಗಳಲ್ಲೆಲ್ಲ ಸ್ಲಾಟ್ ಮೆಷಿನ್‌ಗಳಿದ್ದವು. 2006ರ ಜುಲೈನಲ್ಲಿ ಸರ್ಕಾರ ಆ ಯಂತ್ರಗಳಲ್ಲಿ ನೋಟು ಹಾಕುವುದನ್ನು ನಿಲ್ಲಿಸಿತು. ಯಂತ್ರ ಅದೇ, ಆಟ ಅದೇ, ನಾಣ್ಯ ಮಾತ್ರ ಹಾಕಬೇಕು. ಅಷ್ಟಕ್ಕೇ ಜನ ಆಟಕ್ಕೆ ಸುರಿಯುವ ಹಣ ಇಳಿಯಿತು. ಮರುವರ್ಷ, 2007ರ ಜುಲೈನಲ್ಲಿ, ಆ ಯಂತ್ರಗಳನ್ನೇ ಪೂರ್ತಿ ತೆಗೆಸಿದರು. ಸಿಂಗಪುರ ತಡೆಯನ್ನು ಬಾಗಿಲಲ್ಲೇ ಇಟ್ಟಿದೆ. ಅಲ್ಲಿನ ನಾಗರಿಕರು ಕ್ಯಾಸಿನೊ ಒಳಗೆ ಹೋಗಬೇಕಾದರೆ ದಿನಕ್ಕೆ 150 ಡಾಲರ್ ಶುಲ್ಕ ಕಟ್ಟಬೇಕು. 2019ಕ್ಕೆ ಮೊದಲು ಅದು 100 ಇತ್ತು. ನಮ್ಮ ಅಣ್ಣನಂಥ ಪ್ರವಾಸಿಗಳಿಗೆ ಅದಿಲ್ಲ.

ಈಗ ಕಾಗದವೂ ಹಳೆಯದಾಗುತ್ತಿದೆ. ಕಾರ್ಡ್ ಇಲ್ಲವೇ ಫೋನಿನ ವ್ಯಾಲೆಟ್‌ನಿಂದ ಯಂತ್ರಕ್ಕೆ ನೇರವಾಗಿ ದುಡ್ಡು ಹೋಗುತ್ತದೆ, ನೇರವಾಗಿ ವಾಪಸ್ ಬರುತ್ತದೆ. ನೆವಾಡಾ 2020ರಲ್ಲಿ ತನ್ನ ನಿಯಮ ಸಡಿಲಿಸಿ, ಫೋನಿನಿಂದಲೇ ಆಟದ ಖಾತೆಗೆ ದುಡ್ಡು ತುಂಬಲು ದಾರಿ ಮಾಡಿತು. ಕಾಗದಕ್ಕೆ ಹೆಸರಿರಲಿಲ್ಲ. ಕಾರ್ಡಿಗೆ ಹೆಸರಿದೆ. ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಎಷ್ಟು ಸೋತರು ಎಂಬುದೆಲ್ಲ ಕ್ಯಾಸಿನೊಗೆ ಗೊತ್ತಾಗುತ್ತದೆ. ಅದನ್ನು ಆಟಗಾರನನ್ನು ಮತ್ತೆ ಕರೆಯಲೂ ಬಳಸಬಹುದು, ತಡೆಯಲೂ ಬಳಸಬಹುದು. ನಾರ್ವೆ ತಡೆಯಲು ಬಳಸಿತು. ಹಳೆಯ ಯಂತ್ರ ತೆಗೆಸಿದ ಮೇಲೆ ಸರ್ಕಾರದ ಒಡೆತನದ ನಾಶ್ಕ್ ಟಿಪ್ಪಿಂಗ್ ಕಂಪನಿಯ ಹೊಸ ಯಂತ್ರ ಬಂತು. ಅದರಲ್ಲಿ ನಗದು ಇಲ್ಲ, ಕಾರ್ಡ್ ಇಲ್ಲದೆ ಆಡುವ ಹಾಗಿಲ್ಲ. ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು, ಅದಕ್ಕಿಂತ ಜಾಸ್ತಿ ಕಳೆದುಕೊಳ್ಳಲು ಯಂತ್ರವೇ ಬಿಡುವುದಿಲ್ಲ. ಮಿತಿ ಕಡ್ಡಾಯ. ಆಟಗಾರ ಬಯಸಿದರೆ ಮಾತ್ರ ಮಿತಿ ಎಂದಿದ್ದರೆ ನನಗೆ ಅದರಲ್ಲಿ ಭರವಸೆ ಇಲ್ಲ. ಸೋಲುತ್ತಿರುವ ಹೊತ್ತಿನಲ್ಲಿ ತನಗೆ ತಾನೇ ಮಿತಿ ಹಾಕಿಕೊಂಡವರನ್ನು ನಾನು ಕಂಡಿಲ್ಲ. ಇಸ್ಪೀಟಿನಲ್ಲೂ ಕಂಡಿಲ್ಲ, ಓಸಿಯಲ್ಲೂ ಕಂಡಿಲ್ಲ.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಲಾಟರಿಯೂ 2007ರಿಂದ ನಿಂತಿದೆ. ಗೋವಾದಲ್ಲಿ 1976ರ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನ್‌ಗೆ ಒಪ್ಪಿಗೆ ಕೊಟ್ಟರು. ಸಿಕ್ಕಿಂನಲ್ಲಿ 2002ರ ಕಾಯ್ದೆ ಇದೆ. ಆದರೆ ನಗದಿಲ್ಲದ ಆಟ ನಮ್ಮ ಊರಿಗೆ ಬರಲು ಕ್ಯಾಸಿನೊ ಕಟ್ಟಡವೇ ಬೇಕಾಗಿರಲಿಲ್ಲ. ಫೋನಿನಲ್ಲಿ ಬಂತು. ಯುಪಿಐ ಒಂದು ಕಡೆ, ಆಟದ ಆ್ಯಪ್ ಇನ್ನೊಂದು ಕಡೆ, ನಡುವೆ ಒಂದು ಬೆರಳು. ನಾಣ್ಯ ಇಲ್ಲ, ಕಾಗದ ಇಲ್ಲ, ಗಲ್ಲಾದ ಹತ್ತಿರ ನಡೆದು ಹೋಗುವುದೂ ಇಲ್ಲ. ನನ್ನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗ ಒಂದೇ ರಾತ್ರಿ ಮೂರು ತಿಂಗಳ ಸಂಬಳ ಕಳೆದುಕೊಂಡ. ಬೆಳಗ್ಗೆ ಬಂದು ಸುಮ್ನೆ ಕೂತಿದ್ದ. ಎಷ್ಟು ಹೋಯಿತು ಎಂದು ಅವನಿಗೇ ಗೊತ್ತಿರಲಿಲ್ಲ. ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ಕೂಡಿಸಿದ ಮೇಲೆ ಗೊತ್ತಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದೆ. ನನ್ನ ಮಟ್ಟಿಗೆ ಅದು ಬೇಕಾಗಿತ್ತು.

ಮಾಸಿದ ಚೀಟಿ

ಅಣ್ಣನ ಚೀಟಿಗೆ ಬರುತ್ತೇನೆ. ಅದು ಥರ್ಮಲ್ ಕಾಗದ, ನಮ್ಮ ಬಿಲ್ ರೋಲಿನ ಜಾತಿಯದೇ, ಸ್ವಲ್ಪ ದಪ್ಪ. ಇದರಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲೆಯೇ ಬಣ್ಣವಿಲ್ಲದ ಒಂದು ಲೇಪ ಇರುತ್ತದೆ. ಪ್ರಿಂಟರಿನ ಹೆಡ್ ಬಿಸಿ ತಾಗಿಸಿದ ಕಡೆ ಲೇಪ ಕರಗಿ ಕಪ್ಪಾಗುತ್ತದೆ. ಹಾಗಾಗಿ ಪ್ರಿಂಟರ್ ಚಿಕ್ಕದು, ಬೇಗ ಅಚ್ಚು ಹಾಕುತ್ತದೆ, ಶಾಯಿ ತುಂಬುವ ಕೆಲಸ ಇಲ್ಲ. ಆದರೆ ಕಾಗದಕ್ಕೆ ಬಿಸಿ ಎಲ್ಲಿಂದ ಬಂತು ಎಂಬುದು ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಗಾಜಿನ ಹಿಂದೆ ಇಟ್ಟರೆ ಪೂರ್ತಿ ಕಪ್ಪಾಗಬಹುದು. ಎಣ್ಣೆ ಕೈ, ಕೆಲವು ಮೆತ್ತನೆ ಪ್ಲಾಸ್ಟಿಕ್ ಕವರ್ ತಾಗಿದರೆ ಬರಹ ಮಾಸುತ್ತದೆ. ಅಂಗಡಿಯ ಗ್ಯಾರಂಟಿ ಬಿಲ್‌ಗಳನ್ನು ನಾನು ಜೆರಾಕ್ಸ್ ಮಾಡಿಸಿಡಿ ಎನ್ನುವುದು ಇದಕ್ಕೇ.

ಚೀಟಿಗೆ ವಾಯಿದೆಯೂ ಇರುತ್ತದೆ. ಇಷ್ಟು ದಿನದೊಳಗೆ ತಂದರೆ ಮಾತ್ರ ಎಂದು ಅಚ್ಚಾಗಿರುತ್ತದೆ. ಯಾರೂ ತರದ ಚೀಟಿಗಳ ದುಡ್ಡು ಏನಾಗಬೇಕು ಎಂಬುದಕ್ಕೆ ಊರಿಗೊಂದು ಕಾನೂನು. ನೆವಾಡಾದಲ್ಲಿ 2011ರಲ್ಲಿ ಒಂದು ಕಾಯ್ದೆ ಮಾಡಿ, ವಾಯಿದೆ ಮುಗಿದ ಚೀಟಿಗಳ ದುಡ್ಡಿನಲ್ಲಿ ನೂರಕ್ಕೆ 75 ರಾಜ್ಯಕ್ಕೆ, 25 ಕ್ಯಾಸಿನೊಗೆ ಎಂದು ಗೊತ್ತುಮಾಡಿದರು. ಐದು, ಹತ್ತು ಡಾಲರಿನ ಚೀಟಿ ಮರೆತು ಮನೆಗೆ ಹೋದವರು ಅಷ್ಟು ಜನ.

ಅಣ್ಣನ ಚೀಟಿಯ ಬಾರ್‌ಕೋಡಿನಲ್ಲಿ ಒಂದು ಮಡಿಕೆ ಬಿದ್ದು ಗೆರೆಗಳು ಹೊರಟುಹೋಗಿದ್ದವು. ಯಂತ್ರ ಅದನ್ನು ಓದಲಾರದು. 18 ಅಂಕೆಯಲ್ಲಿ 16 ನಮ್ಮ ಕಣ್ಣಿಗೆ ಕಂಡವು, ಕೊನೆಯ ಎರಡು ಇಲ್ಲ. ವಾಯಿದೆಯ ಸಾಲೂ ಮಾಸಿತ್ತು. ಆದರೆ ಯಂತ್ರದ ನಂಬರ್, ದಿನ, ಹೊತ್ತು, ಮೊತ್ತ ಚೆನ್ನಾಗಿ ಉಳಿದಿದ್ದವು.

"ಇಷ್ಟಿದ್ರೆ ಕೊಡ್ತಾರಾ?" ಎಂದರು.

ಕೊಡಲೂಬಹುದು ಎಂದೆ. ಆ ದಿನ, ಆ ಹೊತ್ತಿಗೆ, ಆ ಯಂತ್ರದಿಂದ 7.35ರ ಒಂದೇ ಚೀಟಿ ಬಂದಿರುತ್ತದೆ. ಗಲ್ಲಾದವರು ಹುಡುಕಿದರೆ ದಾಖಲೆ ಸಿಗುತ್ತದೆ. ಬಾಕಿಯೋ, ಗೀಟು ಬಿದ್ದಿದೆಯೋ, ವಾಯಿದೆ ಮುಗಿದಿದೆಯೋ, ಮೂರೂ ಅಲ್ಲೇ ಕಾಣುತ್ತದೆ. ಅವರ ಅಳಿಯ ದಸರಾ ರಜೆಯಲ್ಲಿ ಸಿಂಗಪುರಕ್ಕೆ ಹೋಗುವವರಿದ್ದಾರೆ. ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಇಡಬೇಡಿ ಎಂದು ಹೇಳಿ, ಒಂದು ಕಾಗದದ ಲಕೋಟೆಯಲ್ಲಿ ಹಾಕಿಕೊಟ್ಟೆ. ಲಕೋಟೆಯ ಮೇಲೆ ಆ 16 ಅಂಕೆಗಳನ್ನು ಪೆನ್ನಿನಲ್ಲಿ ಬರೆದೆ. ಉಳಿದ ಎರಡರ ಜಾಗದಲ್ಲಿ ಎರಡು ಚುಕ್ಕೆ ಇಟ್ಟೆ.